ಶಿರಾಡಿ ಘಾಟಿ ರೈಲು ನೋಡೋರಿಗೆ ನಿಂತ್ಕೊಳ್ಳೋಕೊಂದು ಜಾಗ ಮಾಡಿಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾಯ್ತು ಅಂದ್ರೆ ಸಾಕು, ಸಕಲೇಶಪುರ ಕಡೆ ರೈಲ್ವೆ ಹಳಿ ಮೇಲೆ ನಡ್ಕೊಂಡು ಹೋಗ್ತಿದ್ದ ಹುಡುಗ್ರನ್ನ ಹಿಡಿದು ದಂಡ ಹಾಕಿದ್ರು ಅನ್ನೋ ಸುದ್ದಿ ಎಲ್ಲಾ ಪೇಪರ್‌ನಲ್ಲೂ ಬರತ್ತೆ, ಅದರಲ್ಲಿ ಮುಕ್ಕಾಲು ಪಾಲು ನಮ್ಮ ಬೆಂಗಳೂರಿನವ್ರೇ ಇರ್ತಾರೆ. ದಂಡ ಹಾಕಿದ್ದು ಸರಿ, ಅದರಲ್ಲಿ ನನ್ನ ತಕರಾರು ಏನೂ ಇಲ್ಲ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ದೆ ಹಳಿ ಮೇಲೆ ಓಡಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ರೆ ಈ ಸುದ್ದಿ ಓದಿದಾಗೆಲ್ಲ ನಂಗೆ ಒಂದೇ ಪ್ರಶ್ನೆ ಬರತ್ತೆ, ಘಾಟಿಲಿ ರೈಲು ಹೋಗೋದನ್ನ ಕಣ್ತುಂಬ ನೋಡ್ಬೇಕು ಅನ್ನೋ ಆಸೆ ಇರೋರು ಕಾನೂನು ಪ್ರಕಾರ ಎಲ್ಲಿ ನಿಂತು ನೋಡ್ಬೇಕು? ಇವತ್ತಿನವರೆಗೂ ಅದಕ್ಕೆ ಉತ್ತರ ಇಲ್ಲ. ಅದನ್ನ ಕೇಳೋಕೇ ಈ ಪತ್ರ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಈ ಘಾಟಿ ಲೈನ್ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ವರೆಗೆ, ಅಂದ್ರೆ ನೆಟ್ಟಣದವರೆಗೆ, 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 226 ಸೇತುವೆ, 108 ತಿರುವು. ಏರು 1:50, ಅಂದ್ರೆ ಐವತ್ತು ಅಡಿ ಮುಂದೆ ಹೋದ್ರೆ ಒಂದಡಿ ಮೇಲೆ ಹತ್ಬೇಕು, ನಡೆಯೋರಿಗೆ ಇದು ಏನೂ ಅಲ್ಲ ಆದ್ರೆ ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಸಾವಿರಾರು ಟನ್ ಹೊತ್ಕೊಂಡು ಹತ್ಬೇಕಾದ್ರೆ ಇದು ಬಹಳ ದೊಡ್ಡ ಏರು. ಕೆಳಗೆ ಉದ್ದಕ್ಕೂ ಕೆಂಪುಹೊಳೆ, ಅದರ ಆಚೆ ದಡದ ಗುಡ್ಡಕ್ಕೆ ಅಂಟ್ಕೊಂಡ ಹಾಗೆ ರೈಲು ಹಳಿ, ಈಚೆ ಕಡೆ ನಮ್ಮ ಬೆಂಗಳೂರು–ಮಂಗಳೂರು ಹೆದ್ದಾರಿ. ಆ ಹೊಳೆ ನೀರು ಮುಂದೆ ಕುಮಾರಧಾರೆ ಸೇರಿ, ಕುಮಾರಧಾರೆ ಉಪ್ಪಿನಂಗಡಿಲಿ ನೇತ್ರಾವತಿ ಸೇರಿ ಮಂಗಳೂರಲ್ಲಿ ಸಮುದ್ರಕ್ಕೆ ಹೋಗತ್ತೆ, ರೈಲೂ ಹೆಚ್ಚುಕಮ್ಮಿ ಅದೇ ನೀರಿನ ಹಿಂದೆ ಹಿಂದೆನೇ ಮಂಗಳೂರಿಗೆ ಇಳಿಯತ್ತೆ. 1979ರಲ್ಲಿ ಮೀಟರ್ ಗೇಜ್ (ಕಿರಿದಾದ ಹಳಿ) ಆಗಿ ಶುರುವಾದ ಲೈನ್ ಇದು, 1996ರಲ್ಲಿ ಬ್ರಾಡ್ ಗೇಜ್ (ಅಗಲ ಹಳಿ) ಮಾಡ್ತೀವಿ ಅಂತ ಮುಚ್ಚಿದ್ರು, 2006ರಲ್ಲಿ ಗೂಡ್ಸ್ ಬಿಟ್ರು, ಪ್ಯಾಸೆಂಜರ್ ರೈಲು ಬರೋಷ್ಟೊತ್ತಿಗೆ 2007ರ ಡಿಸೆಂಬರ್ ಆಗಿತ್ತು. ಮಧ್ಯೆ ಹತ್ತು ವರ್ಷಕ್ಕೂ ಜಾಸ್ತಿ ಈ ಘಾಟಿಲಿ ಜನ ರೈಲಲ್ಲಿ ಓಡಾಡಲೇ ಇಲ್ಲ.

ರೈಲು ಒಳಗಿಂದ ನೋಡೋಕೆ ಈಗ ವ್ಯವಸ್ಥೆ ಚೆನ್ನಾಗೇ ಇದೆ. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಹಾಕಿದ್ರು, ಗಾಜಿನ ಚಾವಣಿ, 44 ಸೀಟು, ಸೀಟನ್ನ ಕಿಟಕಿ ಕಡೆ ತಿರುಗಿಸ್ಕೊಂಡು ಕೂರಬಹುದು, ಅದಕ್ಕೆ ರೈಲ್ವೆಯವರಿಗೆ ಕೈ ಮುಗಿಬೇಕು. ಸೀಟು ಸಿಗದಿದ್ರೂ ಪರವಾಗಿಲ್ಲ, ಮಾಮೂಲಿ ಡಬ್ಬಿಲೇ ಕೂತು ಸುರಂಗ ಬಂದಾಗೆಲ್ಲ ಮಕ್ಕಳ ಜೊತೆ ದೊಡ್ಡೋರೂ ಕೂಗೋದು, ಸುರಂಗ ಮುಗಿದ ತಕ್ಷಣ ಕಿಟಕಿಲಿ ಒಂದು ಜಲಪಾತ ಬಂದು ಹೋಗೋದು, ಅದರ ಸೊಗಸೇ ಬೇರೆ. ಆದ್ರೆ ಒಳಗೆ ಕೂತೋರಿಗೆ ಒಂದು ಮಾತ್ರ ಕಾಣಲ್ಲ, ಅದು ಆ ರೈಲು. ಅದು ಕಾಣ್ಬೇಕು ಅಂದ್ರೆ ಹೊಳೆ ಈಚೆ ನಿಂತ್ಕೋಬೇಕು.

ಅದರಲ್ಲೂ ಗೂಡ್ಸ್ ನೋಡ್ಬೇಕು ಸ್ವಾಮಿ. ಪಣಂಬೂರು ಬಂದರಿನ ಕಡೆಯಿಂದ ಕಲ್ಲಿದ್ದಲು ತುಂಬ್ಕೊಂಡು ಮೇಲೆ ಬರೋ ಗೂಡ್ಸ್ ರೈಲು ಇರತ್ತಲ್ಲ, ಅದಕ್ಕೆ ಮುಂದೆ ಇಂಜಿನ್ ಇದ್ರೆ ಸಾಲಲ್ಲ, ಹಿಂದಿನಿಂದ ತಳ್ಳೋಕೆ ಸುಬ್ರಹ್ಮಣ್ಯ ರೋಡ್‌ನಲ್ಲೇ ಬೇರೆ ಇಂಜಿನ್ ಜೋಡಿಸ್ತಾರೆ, ಅದಕ್ಕೆ ಬ್ಯಾಂಕರ್ ಅಂತಾರೆ. ಎಲ್ಲಾ ಭಾರನೂ ಮುಂದಿನಿಂದಲೇ ಎಳೆದ್ರೆ ವ್ಯಾಗನ್ ಮಧ್ಯದ ಕಪ್ಲಿಂಗ್ ಕಿತ್ತು ಹೋಗೋ ಅಪಾಯ ಇರತ್ತೆ, ಅದಕ್ಕೇ ಅರ್ಧ ಕೆಲಸ ಹಿಂದಿನೋರದ್ದು. ಮುಂದಿನ ಲೋಕೋ ಪೈಲಟ್‌ಗೂ ಹಿಂದಿನ ಲೋಕೋ ಪೈಲಟ್‌ಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ಮಧ್ಯೆ ನಾಲ್ಕೈದು ತಿರುವು ಇರತ್ತೆ, ವಾಕಿಟಾಕಿಲಿ ಮಾತಾಡ್ಕೊಂಡೇ ಇಬ್ಬರೂ ಒಟ್ಟಿಗೆ ಪವರ್ ಕೊಡ್ಬೇಕು, ಒಟ್ಟಿಗೆ ಇಳಿಸ್ಬೇಕು. ಈಚೆ ಗುಡ್ಡದಿಂದ ನೋಡಿದ್ರೆ ಮೊದಲು ಸದ್ದು ಬರತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ, ಕಣಿವೆ ಪೂರ್ತಿ ಗುಯ್‌ಗುಡತ್ತೆ, ಐದು ನಿಮಿಷ ಆದ್ಮೇಲೆ ಮುಂದಿನ ಇಂಜಿನ್ ಸುರಂಗದಿಂದ ಮೂತಿ ಹೊರಗೆ ಹಾಕತ್ತೆ, ನಡೆಯೋರ ಜೊತೆ ಪೈಪೋಟಿ ಅನ್ನೋಷ್ಟು ನಿಧಾನ. ಚಕ್ರ ಜಾರಬಾರದು ಅಂತ ಹಳಿ ಮೇಲೆ ಮರಳು ಬೀಳ್ತಿರತ್ತೆ. ಮುಂದಿನ ಇಂಜಿನ್ ಇನ್ನೊಂದು ಸುರಂಗದೊಳಗೆ ಹೋಗಿ ಆಗಿರತ್ತೆ, ನಡುವಿನ ವ್ಯಾಗನ್‌ಗಳು ಸೇತುವೆ ಮೇಲಿರ್ತವೆ, ಬ್ಯಾಂಕರ್ ಇನ್ನೂ ಹಿಂದಿನ ಸುರಂಗದಿಂದ ಹೊರಗೇ ಬಂದಿರಲ್ಲ. ಅಷ್ಟು ಉದ್ದದ ರೈಲನ್ನ ಅಷ್ಟು ಸಣ್ಣ ಜಾಗದಲ್ಲಿ ತಿರುಗಿಸಿ ಹತ್ತಿಸೋದನ್ನ ನೋಡಿದೋರು ಈ ಲೈನ್ ಕಟ್ಟಿದ ಇಂಜಿನಿಯರ್‌ಗಳನ್ನೂ ಕೂಲಿಗಳನ್ನೂ ಮನಸ್ಸಲ್ಲಿ ನೆನೆಸ್ಕೊಳ್ದೆ ಇರೋಕಾಗಲ್ಲ. ಇಳಿಯೋ ಗೂಡ್ಸ್ ಬೇರೆ ಥರ, ಸದ್ದು ಸಣ್ಣಗಿರತ್ತೆ, ಇಂಜಿನ್ ಎಳೆಯಲ್ಲ ಹಿಡಿದಿಟ್ಕೊಳ್ಳತ್ತೆ, ತಿರುವಲ್ಲಿ ಚಕ್ರ ಹಳಿಗೆ ಉಜ್ಜಿ ಕೀರ್ ಅನ್ನೋದು ಕೇಳತ್ತೆ.

ಗೂಡ್ಸ್‌ಗೆ ಟೈಂಟೇಬಲ್ ಇಲ್ಲ, ಪ್ಯಾಸೆಂಜರ್ ರೈಲಿನ ಹಾಗೆ ಫೋನಲ್ಲಿ ಎಲ್ಲಿದೆ ಅಂತ ನೋಡೋಕಾಗಲ್ಲ, ಕಾಯ್ಬೇಕು. ಸಿಂಗಲ್ ಲೈನ್ ಆದ್ದರಿಂದ ಘಾಟಿ ಮಧ್ಯದ ಸ್ಟೇಷನ್‌ಗಳಾದ ಎಡಕುಮರಿಲೋ ಕಡಗರವಳ್ಳಿಲೋ ಒಂದು ರೈಲು ನಿಂತು ಇನ್ನೊಂದಕ್ಕೆ ದಾರಿ ಬಿಡ್ಬೇಕು. ಹೀಗೆ ಕಾಯೋಕೆ ಜಾಗ ಇಲ್ಲ ಅನ್ನೋದೇ ನನ್ನ ಗೋಳು. ಹೆದ್ದಾರಿ ಅಂಚಲ್ಲಿ ಕಾರು ನಿಲ್ಲಿಸಿದ್ರೆ ಹಿಂದೆ ಬರೋ ಟ್ಯಾಂಕರ್, ವೋಲ್ವೋ ಬಸ್ಸು ಮೈ ಮೇಲೇ ಬಂದ ಹಾಗಾಗತ್ತೆ, ತಿರುವಲ್ಲಿ ನಿಲ್ಲಿಸೋದು ತಪ್ಪೂ ಹೌದು. ಸ್ಟೇಷನ್‌ನಲ್ಲೇ ನಿಂತು ನೋಡೋಣ ಅಂತ ಒಂದ್ಸಲ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಒಂದು ಮೂಲೇಲಿ ನಿಂತಿದ್ದೆ, ಹಳಿಯಿಂದ ದೂರಾನೇ ಇದ್ದೆ, ಗೂಡ್ಸ್ ಬಂತು ಅಂತ ಫೋನ್ ಎತ್ತಿದ್ದೇ ತಡ, ಡ್ಯೂಟಿಲಿದ್ದವ್ರು ಬಂದು ಇಲ್ಲಿ ನಿಲ್ಲಂಗಿಲ್ಲ, ಯಾವ ರೈಲಿಗೆ ಕಾಯ್ತಿದ್ದೀರ, ಗೂಡ್ಸ್ ನೋಡೋಕೆ ಯಾರಾದ್ರೂ ಬರ್ತಾರಾ ಅಂತ ಜೋರು ಮಾಡಿ ಕಳಿಸಿದ್ರು. ಅವರ ಕೆಲಸ ಅವರು ಮಾಡಿದ್ರು ಅಂತಲೇ ಇಟ್ಕೊಳ್ಳೋಣ. ಆದ್ರೆ ಬರ್ತಾರೆ ಸಾರ್, ತುಂಬಾ ಜನ ಬರ್ತಾರೆ. ಯಶವಂತಪುರ, ಕೆ.ಆರ್.ಪುರ ಸ್ಟೇಷನ್ ಮೇಲ್ಸೇತುವೆಗಳ ಮೇಲೆ ಭಾನುವಾರ ನಿಂತು ನೋಡಿ, ಮಗುನ ಹೆಗಲ ಮೇಲೆ ಕೂರಿಸ್ಕೊಂಡ ಅಪ್ಪಂದಿರು, ಇಂಜಿನ್ ನಂಬರ್ ಬರ್ಕೊಳ್ಳೋ ಕಾಲೇಜ್ ಹುಡುಗ್ರು, ರಿಟೈರ್ ಆದ ರೈಲ್ವೆಯವ್ರು, ಎಲ್ಲಾ ಇರ್ತಾರೆ. ಇವರೇ ರಜಾ ಬಂದ್ರೆ ಸಕಲೇಶಪುರಕ್ಕೆ ಹೋಗೋದು.

ಇದನ್ನ ಈಗಲೇ ಬರೆಯೋಕೆ ಒಂದು ಕಾರಣ ಇದೆ, ಅದನ್ನ ರೈಲ್ವೆಯವರೂ ಜಿಲ್ಲಾಡಳಿತದವರೂ ದಯವಿಟ್ಟು ಗಮನ ಕೊಟ್ಟು ಓದ್ಬೇಕು. ಘಾಟಿ ವಿದ್ಯುದೀಕರಣಕ್ಕೆ ಅಂತ 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲು ರೈಲು ನಿಲ್ಸಿದ್ರು, ವರ್ಷದ ಕೊನೆ ಹೊತ್ತಿಗೆ ತಂತಿ ಎಳೆದು ಎಲೆಕ್ಟ್ರಿಕ್ ಇಂಜಿನ್ ಟ್ರಯಲ್ ಕೂಡ ಮಾಡಿದ್ರು. ಒಳ್ಳೇದೇ. ಹುಬ್ಬಳ್ಳಿ, ಕೃಷ್ಣರಾಜಪುರ ಶೆಡ್‌ನ ಡೀಸೆಲ್ ಇಂಜಿನ್‌ಗಳ ಗುಡುಗು ಕೇಳಿ ಬೆಳೆದೋರಿಗೆ ಹೊಟ್ಟೆಲಿ ಸಂಕಟ ಆಗತ್ತೆ ನಿಜ, ಆದ್ರೂ ಆ ಸುರಂಗಗಳಲ್ಲಿ ತುಂಬ್ಕೊಳ್ಳೋ ಹೊಗೆ ಕುಡಿಯೋ ಸಿಬ್ಬಂದಿಯನ್ನ ನೆನೆಸ್ಕೊಂಡ್ರೆ ಕರೆಂಟೇ ಬೇಕು. ಆದ್ರೆ ಹಳಿ ಮೇಲೆ ನಡೆಯೋರ ಪಾಲಿಗೆ ಈ ಬದಲಾವಣೆ ಬಹಳ ಕೆಟ್ಟದ್ದು. ಡೀಸೆಲ್ ಇಂಜಿನ್ ಬರೋದು ಎಷ್ಟೋ ದೂರದಿಂದ ಕೇಳ್ತಿತ್ತು, ಎಲೆಕ್ಟ್ರಿಕ್ ಇಂಜಿನ್ ಅದಕ್ಕಿಂತ ಎಷ್ಟೋ ಸದ್ದಿಲ್ದೆ ಬರತ್ತೆ, ಅದರಲ್ಲೂ ಇಳಿಜಾರಲ್ಲಿ ಬಂದ್ರೆ, ಮಳೆ ಹೊಯ್ತಿದ್ರೆ, ಪಕ್ಕದಲ್ಲೇ ಜಲಪಾತ ಬೀಳ್ತಿದ್ರೆ, ತಿರುವು ದಾಟೋವರೆಗೂ ಗೊತ್ತೇ ಆಗಲ್ಲ. ತಲೆ ಮೇಲೆ 25,000 ವೋಲ್ಟ್ ತಂತಿ. ಅದನ್ನ ಮುಟ್ಟೋದೇ ಬೇಡ, ಹತ್ತಿರ ಹೋದ್ರೆ ಸಾಕು ಎಳ್ಕೊಳ್ಳತ್ತೆ, ನಿಂತಿರೋ ವ್ಯಾಗನ್ ಮೇಲೆ ಹತ್ತಿ ಸೆಲ್ಫಿ ತಗೊಳ್ಳೋ ಹುಚ್ಚರು ಒಬ್ಬಿಬ್ಬರಲ್ಲ. ಮೊದಲೇ ಅಲ್ಲಿ ಸೇತುವೆ ಮೇಲೆ ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ, ಅಲ್ಲೊಂದು ಇಲ್ಲೊಂದು ಸಣ್ಣ ಕಟ್ಟೆ ಇರೋದು ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್‌ಗಳಿಗೆ, ಟ್ರೆಕ್ಕಿಂಗ್‌ನೋರಿಗಲ್ಲ.

ಬರೀ ಬೋರ್ಡು ಹಾಕಿ ದಂಡ ವಸೂಲಿ ಮಾಡಿದ್ರೆ ಜನ ನಿಲ್ತಾರಾ? ಗೋವಾ ಗಡಿಯ ದೂಧ್‌ಸಾಗರ್ ಜಲಪಾತದ ಹತ್ರ 2023ರ ಜುಲೈನಲ್ಲಿ ಹಳಿ ಮೇಲೆ ಬಂದೋರಿಗೆ ಬಸ್ಕಿ ಹೊಡೆಸಿದ ವಿಡಿಯೋ ಊರೆಲ್ಲ ಓಡಾಡ್ತು, ಆಮೇಲೂ ಜನ ಹೋಗೋದು ನಿಂತಿಲ್ಲ. ಅದೇ ಜೋಗದಲ್ಲಿ ನೋಡಿ, ಕಂಬಿ ಹಾಕಿ, ನಿಲ್ಲೋಕೆ ಜಾಗ ಮಾಡಿ, ಇಲ್ಲಿಂದ ನೋಡಿ ಅಂತ ಹೇಳಿರೋದಕ್ಕೆ ಸಾವಿರಾರು ಜನ ಅಲ್ಲಿಂದಲೇ ನೋಡ್ಕೊಂಡು ಮನೆಗೆ ಹೋಗ್ತಾರೆ. ರಾಮೇಶ್ವರದ ಪಾಂಬನ್‌ನಲ್ಲೂ ಅಷ್ಟೇ, ಪಕ್ಕದ ರಸ್ತೆ ಸೇತುವೆ ಮೇಲೆ ನಿಂತು ಜನ ರೈಲು ನೋಡ್ತಾರೆ, ಹಳಿಗೆ ಇಳಿಯಲ್ಲ. ಕಾಣೋ ಜಾಗ ಒಂದು ಸಿಕ್ಕಿದ್ರೆ ಹಳಿಗೆ ಯಾಕೆ ಇಳೀತಾರೆ ಹೇಳಿ.

ನಾನು ಕೇಳ್ತಿರೋದು ದೊಡ್ಡದಲ್ಲ. ಗಾಜಿನ ಸೇತುವೆ ಬೇಡ, ರೆಸಾರ್ಟ್ ಬೇಡ, ಕಾಡೊಳಗೆ ಒಂದು ಕಲ್ಲೂ ಕದಲಿಸೋದು ಬೇಡ, ಅದು ಆನೆ ಓಡಾಡೋ ಜಾಗ, ಮೊದಲೇ ಕುಸಿಯೋ ಗುಡ್ಡ. ಸಕಲೇಶಪುರದಿಂದ ಕೆಳಗೆ ಹೆದ್ದಾರಿ ಅಗಲ ಮಾಡೋ ಕೆಲಸ ವರ್ಷಗಳಿಂದ ನಡೀತಾನೇ ಇದೆಯಲ್ಲ, ಅದಕ್ಕೆ ಅಂತ ಈಗಾಗಲೇ ತೆಗೆದಿರೋ ಜಾಗದಲ್ಲೇ, ಆಚೆ ಗುಡ್ಡದ ರೈಲ್ವೆ ಸೇತುವೆ ಕಾಣೋ ಕಡೆ, ಹತ್ತು ಕಾರು ನಿಲ್ಲೋಷ್ಟು ಜಾಗ ರಸ್ತೆಯಿಂದ ಒಳಗೆ ಬಿಡಿ, ಹೊಳೆ ಕಡೆಗೆ ಎದೆಮಟ್ಟ ಕಂಬಿ ಹಾಕಿ, ನಾಲ್ಕು ಕಲ್ಲು ಬೆಂಚು, ಒಂದು ಶೌಚಾಲಯ, ಕಸದ ಡಬ್ಬಿ. ಗುಡ್ಡ ಗಟ್ಟಿ ಇದೆಯೋ ಇಲ್ವೋ ಅಂತ ಗೊತ್ತಿರೋರ ಹತ್ರ ಮೊದಲು ಪರೀಕ್ಷೆ ಮಾಡಿಸಿ, 2024ರ ಜುಲೈನಲ್ಲಿ ರಸ್ತೆ ಮೇಲೂ ಗುಡ್ಡ ಬಿತ್ತು, ಎಡಕುಮರಿ–ಕಡಗರವಳ್ಳಿ ಮಧ್ಯೆ ಹಳಿ ಕೆಳಗಿನ ಮಣ್ಣೂ ಜಾರಿ ರೈಲು ದಿನಗಟ್ಟಲೆ ನಿಂತಿತ್ತು, 2018ರಲ್ಲಂತೂ ವಾರಗಟ್ಟಲೆ. ಜೋರು ಮಳೆ ದಿನಗಳಲ್ಲಿ ಮುಚ್ಚಿದ್ರೂ ಸರಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಜೊತೆಗೆ ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಎರಡೂ ಸ್ಟೇಷನ್‌ನಲ್ಲಿ ಪ್ಲಾಟ್‌ಫಾರಂ ತುದಿಲಿ ಒಂದಿಷ್ಟು ಜಾಗ ಕಂಬಿ ಹಾಕಿ ಗುರುತು ಮಾಡಿ, ಪ್ಲಾಟ್‌ಫಾರಂ ಟಿಕೆಟ್ ಇದ್ದೋರು ಅಲ್ಲಿ ನಿಂತು ಬ್ಯಾಂಕರ್ ಜೋಡಿಸೋದು ಬಿಡಿಸೋದು ನೋಡ್ಲಿ. ಆ ಕೆಲಸ ಏನು ಎತ್ತ ಅಂತ ಕನ್ನಡದಲ್ಲಿ ಬರೆದ ಒಂದು ಬೋರ್ಡು ಇದ್ರೆ ಶಾಲೆ ಮಕ್ಕಳನ್ನ ಕರ್ಕೊಂಡು ಬರೋ ಮೇಷ್ಟ್ರಿಗೂ ಅನುಕೂಲ.

ಅಮ್ಮನಿಗೆ ಮೊಣಕಾಲು ನೋವು, ಇಪ್ಪತ್ತು ಹೆಜ್ಜೆ ಇಳಿಯೋಕಾಗಲ್ಲ. ಅವರ ಕಾಲದಲ್ಲಿ ಮೀಟರ್ ಗೇಜ್ ಗಾಡಿಲಿ ಕುಕ್ಕೆಗೆ ಹೋಗಿದ್ದನ್ನ ಈಗಲೂ ಹೇಳ್ತಾರೆ, ಆ ಸೇತುವೆ ಮೇಲೆ ರೈಲು ಹೋಗೋದನ್ನ ಹೊರಗಿಂದ ಒಂದ್ಸಲ ನೋಡ್ಬೇಕು ಕಣೋ ಅಂತಾರೆ. ಹಳಿ ಮೇಲೆ ನಡೆಯೋ ಹುಡುಗ್ರಿಗೆ ಹೇಗೋ ಕಾಣತ್ತೆ, ಕಾನೂನು ಮೀರದೆ ಕಾರಿಂದ ಇಳಿದು ನಿಲ್ಲೋ ಇಂಥ ವಯಸ್ಸಾದೋರಿಗೆ ಮಾತ್ರ ಕಾಣಲ್ಲ, ಇದು ನ್ಯಾಯನಾ?

ಇನ್ನೊಂದು ಮಾತು. ಮಳೆಗಾಲದ ರಾತ್ರಿಗಳಲ್ಲಿ ಆ ಹಳಿ ಉದ್ದಕ್ಕೂ ಟಾರ್ಚು, ಸಿಗ್ನಲ್ ದೀಪ ಹಿಡ್ಕೊಂಡು, ಕಂಬಳಿನೋ ರೇನ್‌ಕೋಟೋ ಹೊದ್ಕೊಂಡು, ಕಲ್ಲು ಬಿದ್ದಿದೆಯಾ, ಮಣ್ಣು ಜಾರಿದೆಯಾ ಅಂತ ನೋಡ್ಕೊಂಡು ನಡೆಯೋ ಗ್ಯಾಂಗ್‌ಮನ್‌ಗಳಿದಾರಲ್ಲ, ನಾವು ವಿಸ್ಟಾಡೋಮ್‌ನಲ್ಲಿ ಕೂತು ಚಪ್ಪಾಳೆ ಹೊಡೆಯೋದು ಅವರ ದಯೆ. ಹಳಿ ಮೇಲೆ ಸಿಕ್ಕ ಟ್ರೆಕ್ಕಿಂಗ್‌ನೋರನ್ನ ಬೈದು ವಾಪಸ್ ಕಳಿಸೋ ಕೆಲಸನೂ ಅವರ ತಲೆಗೇ ಕಟ್ಟಿದಾರೆ. ಅದೊಂದು ಹೊರೆ ಆದ್ರೂ ಇಳಿಸ್ಬೇಕು.

ಯಾರಿಗೆ ಬರೆಯೋದು ಅನ್ನೋದೇ ಇಲ್ಲಿ ತೊಡಕು. ಘಾಟಿ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು, ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಮರ ಅರಣ್ಯ ಇಲಾಖೆದು, ಮೇಲಿನ ಭಾಗ ಹಾಸನ ಜಿಲ್ಲೆ, ಕೆಳಗಿನದ್ದು ದಕ್ಷಿಣ ಕನ್ನಡ. ಒಬ್ಬರನ್ನ ಕೇಳಿದ್ರೆ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ ಅಂತ ಗೊತ್ತಿರೋದ್ರಿಂದಲೇ ನಿಮ್ಮ ಪತ್ರಿಕೆ ಮೂಲಕ ಕೇಳ್ತಿದ್ದೀನಿ. ಪ್ರವಾಸೋದ್ಯಮ ಇಲಾಖೆ ಮುಂದೆ ನಿಂತು ಇವರೆಲ್ಲರನ್ನೂ ಒಂದ್ಸಲ ಸಕಲೇಶಪುರದಲ್ಲಿ ಕೂರಿಸಲಿ, ಮುಂದಿನ ಮಳೆಗಾಲಕ್ಕೆ ಮೊದಲು. ಜಾಗ ಯಾವುದು ಅಂತ ಕೇಳಿದ್ರೆ ನಾವು ರೈಲು ನೋಡೋರು ಸ್ವಂತ ಖರ್ಚಲ್ಲಿ ಬಂದು ತೋರಿಸ್ತೀವಿ, ಯಾವ ತಿರುವಲ್ಲಿ ಮರ ಅಡ್ಡ ಬರಲ್ಲ, ಯಾವ ಸೇತುವೆ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬೀಳತ್ತೆ ಅನ್ನೋದೆಲ್ಲ ನಮಗೆ ಚೆನ್ನಾಗಿ ಗೊತ್ತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ರಾಜಾಜಿನಗರ, ಬೆಂಗಳೂರು