ಇಟ್ಟಿಗೆಯ ಕಣ್ಣು ತಿರುಗಿಸಿದ್ದು

ಲೋ ಗುಂಡ,

ನಿನ್ನ ಪತ್ರಕ್ಕೆ ಉತ್ತರ ಬರೆಯೋದು ಮೂರು ತಿಂಗಳು ತಡವಾಯ್ತು. ನಾಲ್ಕು ಜನ ಓದೋ ಕಡೆ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ನಿನಗೊಬ್ಬನಿಗೇ ಬರೆಯೋಕೆ ಕೂತರೆ ಅರ್ಧಕ್ಕೇ ನಿಲ್ಲಿಸಿಬಿಡ್ತೀನಿ.

ನೀನು ಇಟ್ಟಿಗೆ ಅಂತಿದ್ದೆಯಲ್ಲ, ಆ ರಷ್ಯಾದ ಜೆನಿಟ್ ಕ್ಯಾಮೆರಾ? ಅದರ ಹೀಲಿಯೋಸ್ 44-2 ಲೆನ್ಸ್ ಬಿಚ್ಚಿದೆ. ಹೆಸರು ಕೆತ್ತಿರೋ ಮುಂದಿನ ಬಳೆಗೆ ರಬ್ಬರ್ ಒತ್ತಿ ತಿರುಗಿಸಿದರೆ ಬಂದುಬಿಡುತ್ತೆ. ಮೊದಲ ಗಾಜನ್ನು ಉಲ್ಟಾ ಮಾಡಿ, ಉಬ್ಬು ಒಳಗೆ ಬರೋ ಹಾಗೆ ಕೂರಿಸಿದೆ. ಲೆನ್ಸಿನ ಕಿಂಡಿ ಪೂರ್ತಿ ಅಗಲಿಸಿ ಎಫ್/2ರಲ್ಲಿ ತೆಗೆದರೆ ನಡುವೆ ಇರೋದಷ್ಟೇ ಸ್ಪಷ್ಟ, ಅಂಚೆಲ್ಲ ಸುಳಿಸುಳಿಯಾಗಿ ಕರಗುತ್ತೆ. ಹಿತ್ತಲ ನುಗ್ಗೆ ಎಲೆಗಳು ಅಮ್ಮನ ಸುತ್ತ ಗಿರಗಿರ ತಿರುಗಿದ ಹಾಗಿತ್ತು. ಅಷ್ಟು ಚಂದ ಕಣೋ! 36 ಫೋಟೋದ ಒಂದು ರೋಲ್ ಪೂರ್ತಿ ಅವಳದ್ದೇ.

ಆದರೆ ಒಂದರಲ್ಲೂ ಅವಳು ಲೆನ್ಸ್ ನೋಡಿಲ್ಲ. ನೋಟ ನನ್ನ ಕಿವಿಯ ಪಕ್ಕಕ್ಕೆ. "ಇಲ್ಲಿ ನೋಡಮ್ಮ" ಅಂತ ಗದರಿದ್ದೆ.

ಆಮೇಲೆ ಕಣ್ಣಿನ ಡಾಕ್ಟರು ಹೇಳಿದರು, ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಹಾಳಾಗ್ತಿದೆ ಅಂತ. ನೇರಕ್ಕೆ ಇರೋದು ಮಾಸುತ್ತಂತೆ, ಅಂಚು ಉಳಿಯುತ್ತಂತೆ. ಪಕ್ಕಕ್ಕೆ ನೋಡ್ತಿದ್ದದ್ದು ನನ್ನ ಮುಖ ಕಾಣಲಿ ಅಂತ.

ಅವತ್ತು ರಾತ್ರಿಯೇ ಗಾಜನ್ನು ಮೊದಲಿನ ಹಾಗೆ ಸರಿಯಾಗಿ ಕೂರಿಸಿದೆ. ಈಗ ನನಗೆ ಬೇಕಿದ್ದದ್ದು ಆ ಸುಳಿಯ ತದ್ವಿರುದ್ಧ, ನಡು ಮಾಸಬೇಕು, ಅಂಚು ಉಳಿಯಬೇಕು. ಫಿಲ್ಟರಿನ ನಡುವೆ ವ್ಯಾಸಲಿನ್ ಬಳಿದೆ. ಇಡೀ ಚಿತ್ರ ಮಂಜಾಯ್ತೇ ಹೊರತು ನಡು ಮಾತ್ರ ಮಾಸಲಿಲ್ಲ. ಲೆನ್ಸಿಗೆ ಅಂಟಿಕೊಂಡ ಗಾಜಿನ ಪ್ರತಿ ಭಾಗದ ಮೂಲಕವೂ ಚಿತ್ರದ ಎಲ್ಲ ಬಿಂದುಗಳ ಬೆಳಕು ಹಾಯುತ್ತಲ್ಲ. ಕೊನೆಗೆ ಫೋಟೋ ಫ್ರೇಮಿನ ಗಾಜಿಗೆ ನಾಲ್ಕಾಣೆಯಷ್ಟಗಲ ವ್ಯಾಸಲಿನ್ ಹಚ್ಚಿ, ರಟ್ಟಿನ ಡಬ್ಬಿ ಕಟ್ಟಿ, ಲೆನ್ಸಿನಿಂದ 4 ಇಂಚು ಮುಂದೆ ನಿಲ್ಲಿಸಿದೆ. ಕಿಂಡಿಯನ್ನ ಎಫ್/8ಕ್ಕೆ ಕಿರಿದು ಮಾಡಿ ಬೀರುವಿನ ಕನ್ನಡಿ ಮುಂದೆ ನಿಂತು ವ್ಯೂಫೈಂಡರಲ್ಲಿ ನೋಡಿದೆ. ಭುಜ ಇತ್ತು, ಕಾಲರ್ ಇತ್ತು, ಹಿಂದಿನ ಕ್ಯಾಲೆಂಡರಿನ ಅಂಕಿ ಕೂಡ ಓದಬಹುದಿತ್ತು. ನಾನಿರಲಿಲ್ಲ.

ಹೋದ ಯುಗಾದಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಾಗ ತಟ್ಟೆ ತಳ್ಳಿ ಎದ್ದುಹೋಗಿದ್ದೆ ಗುಂಡ. ಮಾರನೇ ದಿನ ಅವಳು ಮೊರ ಹಿಡಿದು ಜಗಲಿ ಬೆಳಕಲ್ಲಿ ಕೂತು, ಕತ್ತು ಓರೆ ಮಾಡಿ, ಬೆರಳಲ್ಲಿ ಒಂದೊಂದೇ ಕಾಳು ಸವರ್ತಿದ್ದಳು. ನೋಡಿಕೊಂಡೇ ಆಫೀಸಿಗೆ ಹೋದೆ. ಇದನ್ನ ಯಾರ ಹತ್ರಾನೂ ಹೇಳಿಲ್ಲ. ಇಲ್ಲೂ ಹೇಳೋದಿರಲಿಲ್ಲ.

ಇರಲಿ ಬಿಡು. ಬರುವಾಗ ಎರಡು ರೋಲ್ ಎಚ್‌ಪಿ5 ಕಪ್ಪು-ಬಿಳುಪು ಫಿಲ್ಮ್ ತಾ. ಹೊಸದುರ್ಗದ ಕೊಡೆ ಏನಾಯ್ತು ಅಂತ ಅಮ್ಮ ಇನ್ನೂ ಕೇಳ್ತಾಳೆ, ಉತ್ತರ ಯೋಚಿಸಿಕೊಂಡೇ ಬಾ. ಬಾಗಿಲಲ್ಲೇ ಜೋರಾಗಿ ಕೂಗು, ದನಿ ಕೇಳಿದ ಕೂಡಲೇ ನೀನೇ ಅಂತ ಗೊತ್ತಾಗುತ್ತೆ ಅವಳಿಗೆ.

ನಿನ್ನ,
ಇಟ್ಟಿಗೆಯವನು