ಅಪ್ಪನ ವರ್ಷ ತಿರುಗಿ ಬಂತು

ಗೆಳೆಯಾ,

ಅಪ್ಪನಿಗೆ ಈ ವರ್ಷ ಅರವತ್ತು ತುಂಬುತ್ತದೆ. ಆಧಾರ್ ಕಾರ್ಡಿನ ಪ್ರಕಾರ ಹೋದ ವರ್ಷವೇ ತುಂಬಿಹೋಗಿದೆ. ಆದರೆ ಅದರಲ್ಲಿರುವುದು, ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟರು ತಮಗೆ ತೋಚಿದಂತೆ ಬರೆದುಕೊಂಡ ಜೂನ್ ತಿಂಗಳ ತಾರೀಖು. ನಿನ್ನ ಅಪ್ಪನೂ, ನಮ್ಮ ಬೀದಿಯ ಅರ್ಧಕ್ಕರ್ಧ ಗಂಡಸರೂ ಸರ್ಕಾರದ ಲೆಕ್ಕದಲ್ಲಿ ಜೂನ್ ತಿಂಗಳಲ್ಲೇ ಹುಟ್ಟಿದವರಲ್ಲವೇ? ಅಜ್ಜಿ ಹೇಳುತ್ತಿದ್ದುದೇ ಬೇರೆ: 'ಪರಾಭವ ಸಂವತ್ಸರ, ಶ್ರಾವಣ ಮಾಸ, ನಾಲೆಗೆ ನೀರು ಬಿಟ್ಟಿದ್ದರು.' ಆ ಲೆಕ್ಕಕ್ಕೆ 1966. ಅರವತ್ತು ಸಂವತ್ಸರಗಳ ಸುತ್ತು ಮುಗಿದು ಅದೇ ಪರಾಭವ ಈ ಯುಗಾದಿಗೆ, ಮಾರ್ಚ್ 19ರ ಗುರುವಾರ, ಮರಳಿ ಬಂತು.

ಹಬ್ಬಕ್ಕೆ ಮೊದಲೇ ಟಿವಿಯ ಜ್ಯೋತಿಷಿಗಳು ವರ್ಷದ ಹೆಸರು ಹಿಡಿದುಕೊಂಡು ಹೆದರಿಸತೊಡಗಿದ್ದರು. ಅಪ್ಪ ರಿಮೋಟ್ ಎತ್ತಿಕೊಂಡು, 'ನಾನು ಹುಟ್ಟಿದ ವರ್ಷವನ್ನು ಇವರು ಯಾಕೆ ಬೈಯುತ್ತಾರೆ?' ಎಂದು ವಾಹಿನಿ ಬದಲಾಯಿಸಿದರು. ಅಷ್ಟೇ ಸಾಕಾಯಿತು ನಮ್ಮ ಅಕ್ಕನಿಗೆ. ಷಷ್ಟಿಪೂರ್ತಿ ಮಾಡೋಣ, ಮದ್ದೂರಿನಲ್ಲಿ ಛತ್ರ ಹಿಡಿಯೋಣ, ನೆಂಟರನ್ನೆಲ್ಲ ಕರೆಯೋಣ ಎಂದು ಕುಳಿತಳು. ಅಪ್ಪ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. 'ಅದರಲ್ಲಿ ಇನ್ನೊಂದು ಸಲ ತಾಳಿ ಕಟ್ಟಬೇಕಂತೆ. ಮೊದಲು ನಿಮ್ಮಮ್ಮನನ್ನು ಒಂದು ಮಾತು ಕೇಳಿ' ಎಂದರು. ಅಮ್ಮ ಒಳಗಿನಿಂದಲೇ, 'ಯೋಚನೆ ಮಾಡಿ ಹೇಳುತ್ತೇನೆ' ಎಂದಳು.

ಈ ಸಲ ಹಬ್ಬ ಬಹಳ ಬೇಗ ಬಂತು. ಹೋದ ವರ್ಷ ಮಾರ್ಚ್ 30, ಅದರ ಹಿಂದಿನ ವರ್ಷ ಏಪ್ರಿಲ್ 9. ಚಾಂದ್ರಮಾನದ ವರ್ಷ ಹತ್ತು ಹನ್ನೊಂದು ದಿನ ಗಿಡ್ಡವಾದ್ದರಿಂದ ಹಬ್ಬ ಹಿಂದಕ್ಕೆ ಸರಿಯುತ್ತ ಬರುತ್ತದೆ. ಈ ವರ್ಷ ಅಧಿಕ ಜ್ಯೇಷ್ಠ ಬಂದು ಲೆಕ್ಕ ಸರಿಮಾಡಿದ ಮೇಲೆ ಮುಂದಿನ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ. ಪಂಚಾಂಗದವರು ಇದನ್ನೆಲ್ಲ ಕೂಡಿಸಿ ಕಳೆಯಬಲ್ಲರು, ಬೇವಿನ ಮರಕ್ಕೆ ಯಾರು ಹೇಳಬೇಕು? ನಮ್ಮ ಹಿತ್ತಲ ಮರದಲ್ಲಿ ಕೆಂಪು ಚಿಗುರು ಬಿಟ್ಟರೆ ಹೂವಿನ ಸುಳಿವೇ ಇರಲಿಲ್ಲ. ಬುಧವಾರ ಸಂಜೆ ನಾನೂ ಅಕ್ಕನ ಮಗನೂ ನಾಲೆ ಏರಿಯ ಮೇಲೆ ಮರ ಮರ ನೋಡುತ್ತ ಹೋದೆವು. ಕೊನೆಗೆ ತೂಬಿನ ಪಕ್ಕದ ಮರದಲ್ಲಿ, ಬಿಸಿಲು ಬೀಳುವ ಕಡೆಯ ಒಂದೇ ಕೊಂಬೆಯಲ್ಲಿ ನಾಲ್ಕು ಗೊಂಚಲು ಸಿಕ್ಕಿದವು. ಅರ್ಧ ಮೊಗ್ಗು, ಅರ್ಧ ಹೂವು. ಹುಡುಗ ಅಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡು, 'ಮಾವ, ಇದು ಕಹಿಯೇ ಇಲ್ಲ' ಎಂದ. ಎಲೆ ತಿನ್ನು ಎಂದೆ.

ಹಬ್ಬದ ಬೆಳಗ್ಗೆ ಇನ್ನೊಂದು ತಮಾಷೆ. ಪಾಡ್ಯ ಹುಟ್ಟುವುದೇ 6.50 ದಾಟಿದ ಮೇಲೆ, ಅಲ್ಲಿಯವರೆಗೆ ಅಮಾವಾಸ್ಯೆ. ಮರುದಿನ ಸೂರ್ಯ ಹುಟ್ಟುವ ಮೊದಲೇ ಪಾಡ್ಯ ಮುಗಿದುಹೋಗುತ್ತದೆ. ಒಂದು ಸೂರ್ಯೋದಯವನ್ನೂ ಕಾಣದ ಪಾಡ್ಯವಿದು. ಊರಿನವರು ಯಾರೂ ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ನಸುಕಿನಲ್ಲೇ ಎಣ್ಣೆನೀರು ಮುಗಿಸಿದರು. ಆದರೆ ಅಮ್ಮ ಗೋಡೆಯ ಕ್ಯಾಲೆಂಡರ್ ಓದಿಕೊಂಡಿದ್ದಳು. ಅಮಾವಾಸ್ಯೆಯಲ್ಲಿ ಹೊಸ ವರ್ಷದ ಸ್ನಾನ ಎಂಥದ್ದು ಎಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. ಒಲೆಯ ಮೇಲೆ ಹಂಡೆ ಕುದಿಯುತ್ತಿದೆ, ಅಪ್ಪ, ಭಾವ, ನಾನು, ಮಕ್ಕಳು ಎಲ್ಲರೂ ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಬಳಿದುಕೊಂಡು ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದೇವೆ. ದಾರಿಯಲ್ಲಿ ಹೋಗುವವರೆಲ್ಲ ಏನಾಯಿತೆಂದು ನಿಂತು ಕೇಳುತ್ತಾರೆ. ಭಾವ ಬೆಂಗಳೂರಿನವರು, ಮೊಬೈಲ್ ಮುಟ್ಟಲು ಹೋದರೆ ಕೈಯೆಲ್ಲ ಎಣ್ಣೆ. ಅಪ್ಪ ಮಾತ್ರ ಆರಾಮಾಗಿ ಮಾವಿನ ಸೊಪ್ಪಿನ ರಾಶಿ ಮುಂದಿಟ್ಟುಕೊಂಡು, ಒಂದೊಂದೇ ಎಲೆಯನ್ನು ಮಡಚಿ ಹಂಚಿಕಡ್ಡಿ ಚುಚ್ಚಿ ತೋರಣ ಕಟ್ಟಿ ಮುಗಿಸಿದರು. ಎಣ್ಣೆಗೈಯ ತೋರಣವಾದ್ದರಿಂದ ಒಂದೊಂದು ಎಲೆಯೂ ಫಳಫಳ ಹೊಳೆಯುತ್ತಿತ್ತು.

ಒಬ್ಬಟ್ಟಿನ ವಿಷಯ ಬರೆದರೆ ನಿನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆಯುತ್ತೇನೆ. ಬೆಲ್ಲ ಪಕ್ಕದೂರಿನ ಆಲೆಮನೆಯದು, ಅಚ್ಚಿನಿಂದ ತೆಗೆದು ಎರಡು ದಿನವೂ ಆಗಿರಲಿಲ್ಲ. ಕಣಕ ಹಿಂದಿನ ರಾತ್ರಿಯಿಂದಲೇ ಎಣ್ಣೆಯಲ್ಲಿ ನೆನೆದಿತ್ತು. ಅಮ್ಮ ಬೇಳೆಯನ್ನು ಬೆರಳಿನಲ್ಲಿ ಹಿಸುಕಿ ನೋಡುವ ಆ ಕ್ಷಣವಿದೆಯಲ್ಲ, ಎರಡು ಹೋಳಾಗಬೇಕು, ಹಿಟ್ಟಾಗಬಾರದು, ಅಲ್ಲಿ ಆಗ ಯಾರೂ ಮಾತನಾಡುವಂತಿಲ್ಲ. ಬಸಿದ ಕಟ್ಟು ಸಾರಿಗೆ, ಬೇಳೆ ಹೂರಣಕ್ಕೆ. ಅಕ್ಕ ಮಿಕ್ಸಿಯಲ್ಲಿ ರುಬ್ಬುತ್ತೇನೆ ಎಂದದ್ದಕ್ಕೆ, ಮಿಕ್ಸಿಯ ಹೂರಣ ಬಾಯಿಗೆ ಅಂಟುತ್ತದೆ ಎಂದು ಅಮ್ಮ ಒರಳೇ ಬೇಕೆಂದಳು. ಭಾವ ರುಬ್ಬಿದರು. ಅಳಿಯನ ಕೈಯಲ್ಲಿ ರುಬ್ಬಿಸುತ್ತೀಯಾ ಎಂದು ಅಪ್ಪ ಗದರಿದರೂ ಎದ್ದು ಬಂದು ತಾವು ಕೂರಲಿಲ್ಲ. ಒಬ್ಬಟ್ಟಿನ ಸಾರು ಮರುದಿನಕ್ಕೇ ರುಚಿ ಎಂಬ ನನ್ನ ಹಳೆಯ ವಾದದಲ್ಲಿ ಬದಲಾವಣೆಯಿಲ್ಲ.

ಈಗ ಹೊನ್ನಾರಿನ, ಅಂದರೆ ಹೊಸ ವರ್ಷದ ಮೊದಲ ಉಳುಮೆಯ ಕಥೆ ಕೇಳು. ಪಂಚಾಂಗ ನೋಡಿ ಹೆಸರು ಹೇಳಿದಾಗ ಈ ಸಲ ಬಂದದ್ದು ಮೇಲಿನ ಬೀದಿಯ ಹುಡುಗನಿಗೆ. ಟ್ರ್ಯಾಕ್ಟರ್ ಮೇಲೆ ಕುಳಿತರೆ ಗದ್ದೆಯನ್ನು ಚಾಪೆ ಹಾಸಿದಂತೆ ಸಮ ಮಾಡುತ್ತಾನೆ, ಆದರೆ ನೇಗಿಲನ್ನು ಕೈಯಲ್ಲಿ ಹಿಡಿದವನಲ್ಲ. ಊರಿನಲ್ಲಿ ಉಳುವ ಎತ್ತು ಈಗ ಬೆರಳೆಣಿಕೆ. ಇದ್ದ ಒಂದು ಜೋಡಿಗೆ ಕೊಂಬು ಹೆರೆದು ಬಣ್ಣ ಹಚ್ಚಿ, ನೊಗಕ್ಕೆ ಪೂಜೆ ಮಾಡಿ, ದೇವಸ್ಥಾನದ ಮುಂದಿನ ಹೊಲಕ್ಕೆ ಇಳಿಸಿದರು. ಹುಡುಗ ಮೇಣಿ ಹಿಡಿದ. ನೇಗಿಲು ಮಣ್ಣಿಗೆ ಕಚ್ಚದೆ ಮೇಲೆಮೇಲೆಯೇ ಜಾರಿಕೊಂಡು ಹೋಯಿತು. ಎತ್ತುಗಳಿಗೂ ಗೊತ್ತಾಗಿಬಿಟ್ಟಿತು, ಎಡಗಡೆಯದು ನಿಂತೇಬಿಟ್ಟಿತು. ಜನ ನಗತೊಡಗಿದರು.

ಅಪ್ಪ ಚಪ್ಪಲಿ ಬಿಟ್ಟು, ಹೊಸ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಇಳಿದರು. ಹುಡುಗನನ್ನು ಬದಿಗೆ ಸರಿಸಲಿಲ್ಲ. ಮೇಣಿಯ ಮೇಲಿದ್ದ ಅವನ ಕೈಯ ಮೇಲೆಯೇ ತಮ್ಮ ಅಂಗೈ ಇಟ್ಟು ಒತ್ತಿದರು. ಗುಳ ಮಣ್ಣಿಗೆ ಇಳಿದದ್ದು ದೂರದಲ್ಲಿ ನಿಂತ ನಮಗೂ ತಿಳಿಯಿತು, ಎತ್ತುಗಳ ಕುತ್ತಿಗೆ ಒಮ್ಮೆ ಬಿಗಿಯಿತು. 'ಎತ್ತಿನ ಬಾಲ ನೋಡಬೇಡ, ಆಚೆಯ ಬದು ನೋಡು' ಎಂದರು. ಅರ್ಧ ಸಾಲು ಹೀಗೆ ಹೋಗಿ ಕೈ ತೆಗೆದರು. ಉಳಿದರ್ಧ ಅವನೇ ಹೊಡೆದ. ಸೊಟ್ಟಗಿತ್ತು, ಆದರೆ ಸಾಲು ಸಾಲೇ.

ಅಕ್ಕ ಒಂದು ಸುಗಂಧರಾಜದ ಹಾರವನ್ನು ಚೀಲದಲ್ಲಿ ಬಚ್ಚಿಟ್ಟು ತಂದಿದ್ದಳು, ಸಮಯ ನೋಡಿ ಅಪ್ಪನ ಕೊರಳಿಗೆ ಹಾಕುವುದೆಂದು. ಅಪ್ಪ ಬದುವಿಗೆ ಬರುತ್ತಿದ್ದ ಹಾಗೆ ಹೊರತೆಗೆದಳು. ಅವರು ನೋಡಿದರು, 'ಎಳೆದದ್ದು ನಾನಲ್ಲ, ಎತ್ತಿಗೆ ಹಾಕು' ಎಂದರು. ಹಾಕಿದಳು. ಬಲಗಡೆಯ ಎತ್ತು ಕತ್ತು ತಿರುಗಿಸಿ ಎಡಗಡೆಯದರ ಕೊರಳಿನಿಂದ ಅರ್ಧ ಹಾರವನ್ನು ಎಳೆದು ತಿಂದುಹಾಕಿತು. ಅಮ್ಮನಿಗೆ ಹಾರದ ಚಿಂತೆಯಿಲ್ಲ, ಪಂಚೆಗೆ ಹತ್ತಿದ ಕೆಸರಿನದೇ ಚಿಂತೆ.

ಮಧ್ಯಾಹ್ನ ಊಟ, ಸಂಜೆ ಅರಳಿಕಟ್ಟೆಯಲ್ಲಿ ಪಂಚಾಂಗ ಶ್ರವಣ, ರಾತ್ರಿ ಇಸ್ಪೀಟು. ಅದನ್ನು ವಿವರಿಸುವುದೇನೂ ಇಲ್ಲ, ನಿನ್ನ ಜಾಗದಲ್ಲಿ ಭಾವ ಕುಳಿತು ನಿನ್ನಷ್ಟೇ ಕೆಟ್ಟದಾಗಿ ಆಡಿದರು.

ಜಗಳ ನಡೆದದ್ದು ಶುಕ್ರವಾರ. ಹಬ್ಬದ ಮರುದಿನ ಮಾಂಸದೂಟ ಮಾಡುವ ವರ್ಷತೊಡಕು ಶುಕ್ರವಾರ ಬಿದ್ದರೆ ಏನು ಮಾಡಬೇಕು? ಊರವರು ಕೂಡಿ ಪಾಲು ಹಾಕಿಕೊಳ್ಳುವ ಗುಡ್ಡೆ ಮಾಂಸದ ಚೀಟಿಗೆ ಚಿಕ್ಕಪ್ಪ ತಿಂಗಳುಗಟ್ಟಲೆ ದುಡ್ಡು ಕಟ್ಟಿದ್ದರು, ನಸುಕಿನಲ್ಲೇ ಪಾಲು ತಂದಿದ್ದರು. ಅಮ್ಮ ಶುಕ್ರವಾರ ಅಡುಗೆಮನೆಗೆ ಮಾಂಸ ತರಲು ಬಿಡುವವಳಲ್ಲ. 'ತೊಡಕಿನ ದಿನ ಸೊಪ್ಪುಸಾರು ತಿಂದರೆ ವರ್ಷವೆಲ್ಲ ಸೊಪ್ಪುಸಾರೇ ಅತ್ತಿಗೆ' ಎಂದು ಚಿಕ್ಕಪ್ಪ. 'ತೊಡಕಿನ ದಿನ ಜಗಳ ಆಡಿದರೆ ವರ್ಷವೆಲ್ಲ ಜಗಳ' ಎಂದು ಅಮ್ಮ. ಕೊನೆಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಗಂಡಸರೇ ಬೇಯಿಸಿದೆವು. ಖಾರ ಜಾಸ್ತಿಯಾಗಿತ್ತು, ಯಾರೂ ಬಾಯಿಬಿಡಲಿಲ್ಲ. ಅಮ್ಮ ಒಳಗೆ ಕುಳಿತು ಹಿಂದಿನ ದಿನದ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿನ್ನುತ್ತ, ವರ್ಷವೆಲ್ಲ ತನಗೆ ಇದೇ ಗಟ್ಟಿ ಎಂದಳು.

ಆ ಸಂಜೆ ಚಂದ್ರನನ್ನು ನೋಡಲು ಎಲ್ಲರೂ ತಾರಸಿ ಹತ್ತಿದೆವು. ಗುರುವಾರ ಅವನು ಕಾಣಿಸುವ ಮಾತೇ ಇರಲಿಲ್ಲ, ಹುಟ್ಟಿ ಅರ್ಧ ದಿನವಾಗಿತ್ತಷ್ಟೇ. ಪಕ್ಕದ ತಾರಸಿಯಲ್ಲಿ ಟೈಲರ್ ಚಾಚಾ, ಅವರ ಸೊಸೆ, ಮೊಮ್ಮಕ್ಕಳು. ಈ ಸಲ ಯುಗಾದಿಯ ಚಂದ್ರನೇ ಅವರ ರಂಜಾನಿನ ಚಂದ್ರನೂ ಹೌದು. ಗುರುವಾರ ಅಮ್ಮ ಒಬ್ಬಟ್ಟನ್ನು ಮಧ್ಯಾಹ್ನ ಕಳಿಸದೆ, ಅವರು ಉಪವಾಸ ಬಿಡುವ ಹೊತ್ತು ನೋಡಿ ಕಳಿಸಿದ್ದಳು. ಈಗ ಚಾಚಾ ಅಲ್ಲಿಂದಲೇ, ತುಪ್ಪ ಕಡಿಮೆಯಾಯಿತು ಎಂದು ದೂರು ಹೇಳಿದರು. ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡವರು ಅವರೇ, ಮೊದಲು ಕಂಡದ್ದೂ ಅವರಿಗೇ: 'ಗೌಡರೇ, ಆ ಬಾಗಿದ ತೆಂಗಿನ ಮರದ ಎಡಕ್ಕೆ ನೋಡಿ.' ಎಳೆಯಷ್ಟಿತ್ತು. ಯಾವ ಕೋಡು ಮೇಲಿದೆ, ಮಳೆ ಹೇಗೆ ಎಂದು ಅಪ್ಪನೂ ಚಾಚಾನೂ ತಾರಸಿಯಿಂದ ತಾರಸಿಗೆ ವಾದಿಸಿದರು. ನಾವೆಲ್ಲ ಅಪ್ಪ ಅಮ್ಮನ ಕಾಲಿಗೆ ಬಿದ್ದೆವು. ಭಾವ ಬೀಳುವಾಗ ಅಪ್ಪ ಕಾಲು ಹಿಂದಕ್ಕೆಳೆದುಕೊಳ್ಳಲು ಹೋಗಿ ನೀರಿನ ಟ್ಯಾಂಕಿಗೆ ತಾಗಿಸಿಕೊಂಡರು.

ಅಮ್ಮ ಯೋಚಿಸಿ ಹೇಳಿದಳು, ಅದು ಮರೆತಿದ್ದೆ. ಒಪ್ಪಿಗೆಯಂತೆ. ಛತ್ರ ಬೇಡ, ಮನೆಯಲ್ಲೇ ಆಗಬೇಕು, ಮೈಸೂರು ರೇಷ್ಮೆಯ ಸೀರೆ ಬೇಕು, ಮೊದಲ ಮದುವೆಯಲ್ಲಿ ಸೀರೆಯನ್ನು ಅತ್ತೆ ಆರಿಸಿದ್ದರು, ಈ ಸಲ ತಾನೇ ಆರಿಸುತ್ತಾಳೆ. ಅಧಿಕ ಮಾಸದಿಂದ ಶ್ರಾವಣ ತಡವಾಗಿ, ಆಗಸ್ಟ್ 13ಕ್ಕೆ ಶುರುವಾಗುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಆದರೆ ನೀನು ರಜೆಗೆ ಈಗಲೇ ಬರೆದು ಹಾಕು. ಪುಣೆಯಿಂದ ಬರುವ ರೈಲಿನಲ್ಲಿ ಸೀಟು ಸಿಗಲಿಲ್ಲ ಎಂಬ ನೆಪ ಈ ಸಲ ನಡೆಯುವುದಿಲ್ಲ. ಬರುವಾಗ ಹಳೆಯ ಇಸ್ಪೀಟಿನ ಬಾಕಿ 200 ರೂಪಾಯಿಯನ್ನೂ ತೆಗೆದುಕೊಂಡು ಬಾ. ಅಪ್ಪ ಮರೆತಿಲ್ಲ.

ಇಂತಿ ನಿನ್ನ,
ನಾಲೆ ಏರಿಯ ಗೆಳೆಯ