ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಗ್ರೂಪಿನ ಎಲ್ರಿಗೂ: ಶನಿವಾರದ ಮೀಟಿಂಗ್ ವಿಷ್ಯ

ಎಲ್ರಿಗೂ ನಮಸ್ಕಾರ. ಶನಿವಾರ ಸ್ಕೂಲ್ ಬಿಟ್ಮೇಲೆ ಮೀಟಿಂಗ್ ಇದೆ. ತಾಯಂದಿರು ಬರ್ಲೇಬೇಕು, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಸಮಿತಿಲಿ ಅರ್ಧದಷ್ಟು ಹೆಣ್ಮಕ್ಳೇ ಇರ್ಬೇಕು.

ಈ ಸಲ ಪೇಂಟು, ಕಾಂಪೌಂಡು ಪಕ್ಕಕ್ಕಿಡೋಣ. ನಾಲ್ಕನೇ ಕ್ಲಾಸಿನ ಕೆಲವು ಮಕ್ಳು ಕನ್ನಡ ಪಾಠ ಗಡಗಡ ಒಪ್ಪಿಸ್ತಾರೆ, ಆದ್ರೆ ಮಧ್ಯದ ಒಂದು ಸಾಲಿಗೆ ಬೆರಳಿಟ್ಟು ಓದು ಅಂದ್ರೆ ಒತ್ತಕ್ಷರ ಬಂದ ಕಡೆ ನಿಂತ್ಬಿಡ್ತಾರೆ, 52ರಲ್ಲಿ 17 ಕಳಿ ಅಂದ್ರೆ 45 ಅಂತ ಬರೀತಾರೆ. ಮಕ್ಕಳ ತಪ್ಪಲ್ಲ ಇದು, ಮೇಷ್ಟ್ರನ್ನ ಬೈದ್ರೂ ಸರಿಹೋಗಲ್ಲ. 60 ಮಕ್ಕಳ ತನಕ ಇಬ್ರೇ ಟೀಚರ್ ಅನ್ನೋದು ಕಾಯ್ದೆ ಲೆಕ್ಕ, ಆದ್ರೆ ನಮ್ಮಲ್ಲಿ ಕ್ಲಾಸು ಐದು. ನಲಿ-ಕಲಿ (ಆಟ, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಇರೋ ಒಂದರಿಂದ ಮೂರನೇ ಕ್ಲಾಸು ಒಬ್ರು ನೋಡ್ಕೊಂಡ್ರೆ ಉಳಿದೆರಡು ಕ್ಲಾಸು, ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ ಎಲ್ಲಾ ಇನ್ನೊಬ್ರ ತಲೆ ಮೇಲೆ, ಅದರಲ್ಲೂ ಒಬ್ರು ಟ್ರೈನಿಂಗ್‌ಗೆ ಹೋದ್ರಂತೂ ಅವತ್ತಿನ ಪಾಠ ಮುಗೀತು. ನನ್ ಪ್ರಕಾರ ಪಾಲಿಸಿ ಬದಲಾಗ್ಬೇಕಿರೋದು ಇಲ್ಲೇ, ಮಕ್ಕಳ ತಲೆ ಎಣಿಸಿ ಅಲ್ಲ, ಕ್ಲಾಸ್ ಎಣಿಸಿ ಟೀಚರ್ ಕೊಡ್ಬೇಕು.

ನಮ್ ಕೈಲೂ ಒಂದು ಅಧಿಕಾರ ಇದೆ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಸಮಿತಿನೇ ತಯಾರು ಮಾಡ್ಬೇಕು, ಸರ್ಕಾರದ ಅನುದಾನಕ್ಕೆ ಅದೇ ಆಧಾರ. ಇಷ್ಟು ದಿನ ಎಲ್ಲರೂ ಸೈನ್ ಹಾಕಿ ಕಳಿಸ್ತಿದ್ವಿ, ಈ ಸಲ ಕೂತು ಓದಿ, ಟೀಚರ್ ಕೊರತೆನ ಮೊದಲನೇ ಪಾಯಿಂಟಾಗಿ ಬರೆಸೋಣ, ಅದರ ಕಾಪಿ ಬಿಇಒಗೂ (ಕ್ಷೇತ್ರ ಶಿಕ್ಷಣಾಧಿಕಾರಿ) ಗ್ರಾಮ ಪಂಚಾಯ್ತಿಗೂ ಕೊಡೋಣ.

ಮಕ್ಕಳ ಕನ್ನಡ, ಗಣಿತ ನೋಟ್ಸ್ ತಗೊಂಡ್ಬನ್ನಿ. ಬರೋಕಾಗದೋರು ನಾಳೆಯೊಳಗೆ ಇಲ್ಲೇ ತಿಳಿಸಿ.